ಕಲ್ಲು, ಕಾಯಿ, ಹಣ್ಣು

ಹೋದ ತಿಂಗಳು ನನ್ನ ಪಿತ್ತಕೋಶ ತೆಗೆದುಹಾಕಿದರು. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ತೂತು, ಒಳಗೊಂದು ಕ್ಯಾಮೆರಾ, ಅಷ್ಟೇ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ಸರ್ಜನ್ ಮೊದಲ ಸಲ ಹೀಗೆ ತೂತಿನೊಳಗಿಂದ ಪಿತ್ತಕೋಶ ತೆಗೆದಾಗ ಅಲ್ಲಿನ ಡಾಕ್ಟರುಗಳೇ ಮೂಗು ಮುರಿದಿದ್ದರಂತೆ. ನಮ್ಮಮ್ಮನೂ ಅದೇ ಪಂಗಡ. "ಅಷ್ಟು ದುಡ್ಡು ಇಸ್ಕೊಂಡು ಬರೀ ನಾಲ್ಕು ತೂತಾ?" ಅಂದಳು.

ಕೊಯ್ದಿದ್ದು ಹೊಟ್ಟೆ, ನೋವು ಮಾತ್ರ ಬಲಭುಜದಲ್ಲಿ. ಒಳಗೆ ಕೈಯಾಡಿಸಲು ಜಾಗ ಸಿಗಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ, ವಪೆಯ ನರ ಹೋಗಿ ಭುಜದ ಹೆಸರು ಹೇಳುತ್ತದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅದನ್ನು ಒಂದೇ ಮೈಯಲ್ಲಿ ನೋಡಿದೆ.

ಭಾರ ಎತ್ತಬೇಡಿ, ಎಣ್ಣೆ ಕಡಿಮೆ ಮಾಡಿ, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ ಅಂದಿದ್ದರು ಡಾಕ್ಟರು. ನಗು ಬಂದರೆ ಅಂತ ನಾನು ಕೇಳಿರಲಿಲ್ಲ. ಮನೆಗೆ ಬಂದ ದಿನವೇ ಮೊಬೈಲಿನಲ್ಲಿ ಯಾವುದೋ ಕಾಮಿಡಿ ನೋಡಿ ನಕ್ಕೆ. ನಾಲ್ಕೂ ತೂತು ಒಟ್ಟಿಗೆ ಕಿರುಚಿದವು. ಆಮೇಲೆ ಸುಮ್ನೆ ಟಿವಿ ಚರ್ಚೆ ಹಾಕಿಕೊಂಡೆ. ಅದಕ್ಕೆ ಇನ್ನೂ ಜಾಸ್ತಿ ನಗು ಬಂತು.

ಇನ್ನು ಕಾದಂಬರಿ ಬರೆಯುವುದೇ ಸರಿ ಅಂತ ಇನ್ನೂರು ಪುಟದ ನೋಟ್‌ಬುಕ್ ತರಿಸಿದೆ. ಮೇಲೆ 'ಶ್ರೀ' ಬರೆದೆ. ಮೂರು ದಿನ ಆದರೂ ಅದರ ಕೆಳಗೆ ಏನೂ ಇಳಿಯಲಿಲ್ಲ. ನಾಲ್ಕನೇ ದಿನ ನೋಡಿದರೆ 'ಶ್ರೀ' ಕೆಳಗೆ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆದಿದ್ದಳು.

ಕೊನೆಗೆ ಕೈ ಹಿಡಿದದ್ದು ಅಮ್ಮನ ಚೌಕಾಬಾರ. ನಾನು ನೆಲಕ್ಕೆ ಕೂರುವ ಹಾಗಿಲ್ಲ. ಅದಕ್ಕೆ ಸ್ಕ್ಯಾನಿಂಗ್ ಕವರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಐದೈದು ಮನೆ ಎಳೆದು ಹಾಸಿಗೆ ಮೇಲೇ ಹಾಸಿದೆವು. ಕವಡೆ ಸಿಗಲಿಲ್ಲ. ಅಮ್ಮ ಹಿತ್ತಲ ಕಲ್ಲಿನ ಮೇಲೆ ಹುಣಸೆಬೀಜ ಉಜ್ಜಿ, ಒಂದು ಕಡೆ ಬೆಳ್ಳಗೆ ಮಾಡಿಕೊಂಡು ಬಂದಳು. ತನ್ನ ಕಾಯಿಗೆ ಒಡೆದ ಬಳೆಚೂರು ಇಟ್ಟಳು. ನನಗೆ?

ಆಸ್ಪತ್ರೆಯವರು ನನ್ನ ಪಿತ್ತಕೋಶದ ಕಲ್ಲುಗಳನ್ನು ಡಬ್ಬಿಗೆ ಹಾಕಿ ಕೊಟ್ಟಿದ್ದರು. ಒಟ್ಟು ಹನ್ನೊಂದು, ಕಡಲೆಕಾಳಿನ ಗಾತ್ರ, ಮಾಸಲು ಹಳದಿ. ಒಳಗೆ ಒಂದಕ್ಕೊಂದು ಒತ್ತಿ, ತಿಕ್ಕಾಡಿ, ದುಂಡಗಿರುವ ಬದಲು ಮೂಲೆ ಮೂಲೆಯಾಗಿದ್ದವು. ಉರುಳುವುದಿಲ್ಲ, ಇಟ್ಟ ಮನೆಯಲ್ಲೇ ಕೂರುತ್ತವೆ. ಇದಕ್ಕಿಂತ ಒಳ್ಳೆ ಕಾಯಿ ಬೇಕಾ? ಚೆನ್ನಾಗಿರುವ ನಾಲ್ಕನ್ನು ಆರಿಸಿ, ತೊಳೆದು ಇಟ್ಟೆ. "ಥೂ, ಅಸಹ್ಯ ಕಣ್ರೀ!" ಅಂತ ಹೆಂಡತಿ ಆ ರೂಮಿಗೆ ಬರುವುದನ್ನೇ ಬಿಟ್ಟಳು. ಅಮ್ಮ ಮಾತ್ರ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ವರ್ಷಗಟ್ಟಲೆ ಸಾಕಿದ್ದೀಯ, ಉಪಯೋಗಕ್ಕೆ ಬರಲಿ ಬಿಡು" ಅಂದಳು.

ಎಪ್ಪತ್ತೆಂಟರ ಅಮ್ಮನಿಗೆ ಮಗ, ಪೇಷೆಂಟು ಎಂಬ ಕನಿಕರ ಆಟದಲ್ಲಿ ಇಲ್ಲ. ಬೇಕೆಂದಾಗ ನಾಲ್ಕು ಬೀಳುತ್ತದೆ, ಎಂಟು ಬೀಳುತ್ತದೆ, ಬಿದ್ದಿದ್ದಕ್ಕೆ ಇನ್ನೊಂದು ಆಟ. ನನ್ನ ಕಲ್ಲುಗಳನ್ನು ಸರ್ಜನ್‌ಗಿಂತ ನೀಟಾಗಿ ಎತ್ತಿ ಹೊರಗಿಡುತ್ತಿದ್ದಳು. ವಾರವಿಡೀ ನನ್ನದು ಒಂದು ಕಾಯಿಯೂ ನಡುಮನೆ ಸೇರಿ ಹಣ್ಣಾಗಲಿಲ್ಲ.

ಎಂಟನೇ ದಿನ ಅದೃಷ್ಟ ತಿರುಗಿತು. ಒಂದು ಕಲ್ಲು ನಡುಮನೆಗೆ ಎರಡೇ ಮನೆ ದೂರದಲ್ಲಿತ್ತು. ಅಷ್ಟರಲ್ಲಿ ಸೋದರಮಾವ ಎಳನೀರು ಹಿಡಿದು ನೋಡಲು ಬಂದರು. ಹಾಸಿಗೆ ತುದಿಯಲ್ಲಿ ಕೂತು, ತಮ್ಮ ಹರ್ನಿಯಾ ಆಪರೇಷನ್ ಕಥೆ ಶುರು ಮಾಡಿದರು. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಕವರಿನ ಕಡೆ ಹೋಯಿತು. ಆ ಕಲ್ಲನ್ನು ಎತ್ತಿ, ಎರಡು ಬೆರಳಲ್ಲಿ ಹೊರಳಿಸಿ, "ಕಲ್ಲುಸಕ್ಕರೆ ಯಾಕಕ್ಕಾ ಇಷ್ಟು ಹಳದಿಯಾಗಿದೆ?" ಅನ್ನುತ್ತಾ ಬಾಯಿ ತೆರೆದರು.

ನನಗೆ ಮಾತೇ ಹೊರಡಲಿಲ್ಲ. ಅಮ್ಮ ಕೂಗಿದಳು: "ಲೋ, ಇಡೋ ಅದನ್ನ! ಆ ಕಾಯಿ ನಾನು ಹೊಡೀಬೇಕು!"

ನಾನು ದಿಂಬು ಹುಡುಕಿದೆ. ದಿಂಬಿನ ಮೇಲೆ ಮಾವ ಕೂತಿದ್ದರು.