ಗದಗಿನ ರಾತ್ರಿ ಓದು, ಪುಣೆಯ ಸಂಜೆ ಕ್ಲಾಸು

ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದವು. ಆದರೂ ಮಗಳು ಹತ್ತನೇ ತರಗತಿಗೆ ಬಂದ ಈ ವರ್ಷ ಗದಗು ನನ್ನನ್ನು ಕಾಡಿದಷ್ಟು ಹಿಂದೆಂದೂ ಕಾಡಿರಲಿಲ್ಲ. ಇಲ್ಲಿ ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ಮುಂಚೆಯೇ ಕೋಚಿಂಗ್ ಕ್ಲಾಸಿನವರ ಫೋನು ಬರತೊಡಗುತ್ತದೆ. ಮಗಳು ಸಂಜೆ ಐದಕ್ಕೆ ಹೋದರೆ ಮನೆ ಸೇರುವುದು ಒಂಬತ್ತಕ್ಕೆ. ಪಕ್ಕದ ಫ್ಲ್ಯಾಟಿನಲ್ಲಿಯೂ ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದಾನೆಂದು ನಮಗೆ ಗೊತ್ತಾದದ್ದು ಅವರ ಮನೆಯಿಂದ ದೀಪಾವಳಿಯ ಫರಾಳದ ತಟ್ಟೆ ಬಂದಾಗ.

ನಮ್ಮ ಹೈಸ್ಕೂಲಿನಲ್ಲಿ ಜನವರಿ ಬಂತೆಂದರೆ ರಾತ್ರಿ ಓದು ಶುರುವಾಗುತ್ತಿತ್ತು. ಊಟ ಮುಗಿಸಿ, ಚಾಪೆ ಕೌದಿಗಳನ್ನು ಹೆಗಲಿಗೇರಿಸಿ ನಾವು ಶಾಲೆಗೆ ಹೊರಟರೆ, ಸಂಜೆಯವರೆಗೂ ಮಗ್ಗದ ಕೆಲಸದಲ್ಲಿ ತಂದೆಗೆ ಕೈ ನೀಡಿದ ಬೆಟಗೇರಿಯ ನೇಕಾರರ ಮನೆಯ ಹುಡುಗರು ತುಸು ತಡವಾಗಿ ಬಂದು ಸೇರಿಕೊಳ್ಳುತ್ತಿದ್ದರು. ಕರೆಂಟು ಹೋದರೆ ಕಂದೀಲು. ಹನ್ನೊಂದರ ಸುಮಾರಿಗೆ ಗಣಿತದ ಸರ್ ಬ್ಯಾಟರಿ ಹಿಡಿದು ಬಂದು, ನಿದ್ದೆ ಹೋದವರ ಕೌದಿ ಎಳೆದು, "ಏಳ್ರಲೇ, ಪ್ರಮೇಯ ಏನ್ ಕನಸಿನ್ಯಾಗ ಬರೀತೀರೇನು?" ಎನ್ನುತ್ತಿದ್ದರು. ಎದುರು ಮನೆಯ ಅಮ್ಮ ಕಳಿಸಿದ ಚಹಾದ ಕಿಟ್ಲಿಗೆ ಯಾರೂ ದುಡ್ಡು ಕೊಟ್ಟದ್ದಿಲ್ಲ. ಹಾಗೆಂದು ಆ ಕಾಲವನ್ನು ಸುಮ್ಮನೆ ಹೊಗಳಲಾರೆ: ಹುಡುಗಿಯರಿಗೆ ಈ ರಾತ್ರಿ ಓದು ಇರಲೇ ಇಲ್ಲ, ಅವರು ಮನೆಯಲ್ಲಿ ಪಾತ್ರೆ ತೊಳೆದ ಮೇಲೆ ಹೇಗೆ ಓದಿಕೊಂಡರೆಂದು ನಾವ್ಯಾರೂ ಕೇಳಲಿಲ್ಲ. ಆ ಒಂದು ಮಾತಿನಲ್ಲಿ ನನ್ನ ಮಗಳ ಕ್ಲಾಸೇ ಮೇಲು.

ಆದರೆ ಭಾಷೆಯ ವಿಷಯದಲ್ಲಿ ನಾನು ಗದಗಿನ ಪಕ್ಷ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಗಣಿತಕ್ಕಿಂತ ಕನ್ನಡಕ್ಕೇ ತೂಕ ಹೆಚ್ಚು. ಇಲ್ಲಿ ಹೆಚ್ಚು ಅಂಕ ಬಂದ ಐದು ವಿಷಯಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ, ಯಾವುದಾದರೂ ಒಂದು ಭಾಷೆಯನ್ನು ಕೈಬಿಟ್ಟರೂ ನಡೆಯುತ್ತದೆಂಬ ಸಲಹೆಯನ್ನು ಪಾಲಕರೇ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಕನ್ನಡದ ಸರ್ ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮನ್ನು ವೀರನಾರಾಯಣ ಗುಡಿಗೆ ಕರೆದೊಯ್ದು, ಕುಮಾರವ್ಯಾಸ ಒರಗಿ ಕುಳಿತು ಭಾರತ ಬರೆದನೆಂದು ಊರು ನಂಬುವ ಕಂಬದ ಮುಂದೆ ಕೂರಿಸಿ, ಭಾಮಿನಿ ಷಟ್ಪದಿಯ ಪ್ರಸ್ತಾರ ಹಾಕಿಸಿದ್ದರು. ಕಪ್ಪು ಹಲಗೆ ಇರಲಿಲ್ಲ. ಸರ್ ಮೂರು ನಾಲ್ಕು, ಮೂರು ನಾಲ್ಕು ಎಂದು ಚಿಟಿಕೆ ಹೊಡೆಯುತ್ತಿದ್ದರು, ನಾವು ಹಾಸುಗಲ್ಲಿನ ಮೇಲೆ ಬೆರಳಿನಿಂದಲೇ ಎರಡು ಮಾತ್ರೆಯ ಅಕ್ಷರವಾದ ಗುರುವಿಗೆ ಅಡ್ಡಗೆರೆ, ಒಂದೇ ಮಾತ್ರೆಯ ಲಘುವಿಗೆ ಬಟ್ಟಲಿನಂಥ ಗುರುತು ಹಾಕುತ್ತಿದ್ದೆವು. ಸಣ್ಣ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ ಕೊನೆಯ ಗುರು ಸೇರಿ 23. ಗಣಿತದ ಎಷ್ಟೋ ಸೂತ್ರಗಳು ಮರೆತುಹೋಗಿವೆ, ಈ ಲೆಕ್ಕ ಮಾತ್ರ ಇಂದಿಗೂ ತಪ್ಪುವುದಿಲ್ಲ.

ಕಳೆದ ಭಾನುವಾರ ಕ್ಲಾಸಿಗೆ ರಜೆ ಇತ್ತು. ಮಗಳನ್ನು ಬಾಲ್ಕನಿಯಲ್ಲಿ ಕೂರಿಸಿಕೊಂಡು ಬಾಯಿಗೆ ಬರುವ ಒಂದು ಪದ್ಯ ಹೇಳಿದೆ. ಕನ್ನಡ ಓದಲು ಬಾರದಿದ್ದರೂ ಅವಳು ಚಿಟಿಕೆ ಹಿಡಿದು ಎಣಿಸಿದಳು. ಮೂರನೆಯ ಸಾಲಿನಲ್ಲಿ 21ಕ್ಕೆ ಕೈ ನಿಲ್ಲಿಸಿ, "ಅಪ್ಪಾ, ಇನ್ನೊಂದು ಉಳೀತಲ್ಲ?" ಎಂದಳು.