ಎಷ್ಟು ಜನರನ್ನ ಔಟ್ ಮಾಡಿದ ಅಂತ ಬರೀತೀರಿ, ಎಷ್ಟು ಎಸೆದ ಅಂತ ಯಾಕೆ ಬರೆಯೋದಿಲ್ಲ?

ಮತ್ತೆ ಅದೇ ಪಟ್ಟಿ! ಟೆಕ್ಸಾಸ್ ಹೈಸ್ಕೂಲ್ ಬೇಸ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯೋರು) ಯಾರು ಅನ್ನೋ ಪಟ್ಟಿ. ಫೆಬ್ರವರಿಯಲ್ಲಿ ಸೀಸನ್ ಶುರುವಾದರೆ ಸಾಕು, ನಮ್ಮ ರಾಜ್ಯದಲ್ಲಿ (ಹೌದು, ಈಗ ಇದೂ ನಮ್ಮ ರಾಜ್ಯವೇ, ನಿಮಗೆಲ್ಲ ಗೊತ್ತು) ಒಬ್ಬರಲ್ಲ ಒಬ್ಬರು ಇದನ್ನ ಹೊರಗೆ ತೆಗೀತಾರೆ. ಗೆಲುವು, ಸ್ಟ್ರೈಕ್‌ಔಟ್ (ಬ್ಯಾಟರ್ ಮೂರು ಸ್ಟ್ರೈಕಿಗೆ ಔಟಾಗೋದು), ಪಂದ್ಯಕ್ಕೆ ಸರಾಸರಿ ಬಿಟ್ಟುಕೊಟ್ಟ ರನ್. ಮೂರು ಕಾಲಂ, ಮುಗೀತು. ಆ ಹುಡುಗ ಒಂದು ಪಂದ್ಯದಲ್ಲಿ ಎಷ್ಟು ಸಲ ಚೆಂಡು ಎಸೆದ, ಎಷ್ಟು ದಿನ ಬಿಟ್ಟು ಮತ್ತೆ ಎಸೆದ ಅನ್ನೋ ಕಾಲಂ ಎಲ್ಲಿ? ಹದಿನೇಳು ಹದಿನೆಂಟರ ಹುಡುಗರ ವಿಷಯದಲ್ಲಿ ಮೊದಲು ಬರೀಬೇಕಾದದ್ದೇ ಅದು. ನನಗೆ ನಿಜವಾಗಲೂ ಸಿಟ್ಟು ಬರುತ್ತೆ.

ಪಟ್ಟಿಯ ನೆತ್ತಿಯ ಮೇಲೆ ಯಾವಾಗಲೂ ಇರೋ ಹೆಸರು ಡೇವಿಡ್ ಕ್ಲೈಡ್. ಹ್ಯೂಸ್ಟನ್ನಿನ ವೆಸ್ಟ್‌ಚೆಸ್ಟರ್ ಹೈಸ್ಕೂಲ್, ಎಡಗೈ ಪಿಚರ್. 1973ರಲ್ಲಿ 18 ಪಂದ್ಯ ಗೆದ್ದ, ಒಂದೂ ಸೋಲಲಿಲ್ಲ. 148 ಇನಿಂಗ್ಸಲ್ಲಿ 328 ಸ್ಟ್ರೈಕ್‌ಔಟ್. ಇದನ್ನ ಓದಿ ಎಲ್ಲರೂ ಆಹಾ ಅಂತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ತಂಡದ ಇನಿಂಗ್ಸ್ ಅಂದರೆ ಮೂರು ಔಟ್, ಹಾಗಾಗಿ 148 ಇನಿಂಗ್ಸ್ ಅಂದರೆ 444 ಔಟ್. ಅದರಲ್ಲಿ 328 ಸ್ಟ್ರೈಕ್‌ಔಟ್. ಒಂದು ಸ್ಟ್ರೈಕ್‌ಔಟಿಗೆ ಏನಿಲ್ಲವೆಂದರೂ ಮೂರು ಎಸೆತ ಬೇಕು. ಬ್ಯಾಟರ್ ಫೌಲ್ ಹೊಡೆದು, ನಡುವೆ ಬಾಲ್‌ಗಳೂ (ಗುರಿಯ ಚೌಕದ ಹೊರಗೆ ಹೋದ ಎಸೆತಗಳು) ಬಿದ್ದು, ಸಾಮಾನ್ಯವಾಗಿ ನಾಲ್ಕೈದಾಗುತ್ತೆ. ಅಂದರೆ ಸ್ಟ್ರೈಕ್‌ಔಟ್‌ಗಳಿಗೇ ಕನಿಷ್ಠ 984 ಎಸೆತ, ವಾಸ್ತವದಲ್ಲಿ 1,500ರ ಆಸುಪಾಸು. ಉಳಿದ ಔಟ್‌ಗಳು, ವಾಕ್‌ಗಳು (ನಾಲ್ಕು ಬಾಲ್ ಬಿದ್ದು ಬ್ಯಾಟರ್ ಪುಕ್ಕಟೆ ಮೊದಲ ಬೇಸಿಗೆ ಹೋಗೋದು) ಬೇರೆ. ಸ್ಟ್ರೈಕ್‌ಔಟ್ ಅಂದರೆ ತೋಳಿಗೆ ಅತ್ಯಂತ ದುಬಾರಿ ಔಟ್. ಮೊದಲ ಎಸೆತಕ್ಕೇ ನೆಲಕ್ಕೆ ಹೊಡೆಸಿಕೊಂಡು ಫೀಲ್ಡರ್ ಕೈಲಿ ಔಟ್ ಮಾಡಿಸೋ ಪಿಚರ್ ಒಂದು ಇನಿಂಗ್ಸನ್ನ ಹತ್ತು ಹನ್ನೆರಡು ಎಸೆತಕ್ಕೆ ಮುಗಿಸ್ತಾನೆ. ಅವನ ಹೆಸರು ಈ ಪಟ್ಟಿಗಳಲ್ಲಿ ಬರೋದೇ ಇಲ್ಲ.

ಆ ವರ್ಷದ ಡ್ರಾಫ್ಟಿನಲ್ಲಿ (ವೃತ್ತಿಪರ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋದು) ಟೆಕ್ಸಾಸ್ ರೇಂಜರ್ಸ್ ಮೊದಲ ಆಯ್ಕೆಯಾಗಿ ಕ್ಲೈಡನ್ನ ತಗೊಂಡರು. ರಾಬಿನ್ ಯೌಂಟ್ ಮೂರನೆಯವನು, ಡೇವ್ ವಿನ್‌ಫೀಲ್ಡ್ ನಾಲ್ಕನೆಯವನು. ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಜೂನ್ 27ಕ್ಕೆ, ಸ್ಕೂಲ್ ಮುಗಿದು ತಿಂಗಳೂ ಆಗದೆ, ಆರ್ಲಿಂಗ್ಟನ್ ಸ್ಟೇಡಿಯಮ್ಮಿನಲ್ಲಿ ಮಿನ್ನೆಸೋಟ ಟ್ವಿನ್ಸ್ ವಿರುದ್ಧ ಇಳಿಸಿದರು. 35,000ಕ್ಕೂ ಹೆಚ್ಚು ಜನ, ಆ ಮೈದಾನ ತುಂಬಿದ್ದೇ ಅವತ್ತು ಮೊದಲು. ಮೊದಲ ಇಬ್ಬರಿಗೆ ವಾಕ್ ಕೊಟ್ಟು ಮುಂದಿನ ಮೂವರನ್ನ ಸ್ಟ್ರೈಕ್‌ಔಟ್ ಮಾಡಿದ. ಐದು ಇನಿಂಗ್ಸ್, ಒಂದೇ ಹಿಟ್, 8 ಸ್ಟ್ರೈಕ್‌ಔಟ್, 7 ವಾಕ್. ಗೆಲುವು. ಎರಡು ಪಂದ್ಯ ಆಡಿಸಿ ಕೆಳಗಿನ ಲೀಗಿಗೆ ಕಳಿಸಬೇಕು ಅನ್ನೋದು ಒಪ್ಪಂದವಾಗಿತ್ತು. ಗೇಟಿನಲ್ಲಿ ದುಡ್ಡು ಬಂತಲ್ಲ, ಮಾಲೀಕ ಬಾಬ್ ಶಾರ್ಟ್ ಕಳಿಸಲಿಲ್ಲ. ಆ ವರ್ಷ ರೇಂಜರ್ಸ್‌ಗೆ ಒಟ್ಟು 93 ಇನಿಂಗ್ಸ್ ಎಸೆಸಿದರು. ಕೂಡಿಸಿ: ಸ್ಕೂಲಿನ 148, ಮೇಜರ್ ಲೀಗಿನ (ದೇಶದ ಅತಿ ದೊಡ್ಡ ವೃತ್ತಿಪರ ಲೀಗ್) 93. ಹದಿನೆಂಟನೇ ವಯಸ್ಸಿಗೆ ಒಂದೇ ವರ್ಷದಲ್ಲಿ 241 ಇನಿಂಗ್ಸ್! ಆ ವಯಸ್ಸಿನವರು ಹನ್ನೆರಡು ತಿಂಗಳಲ್ಲಿ ಎಲ್ಲ ತಂಡಗಳಿಗೂ ಸೇರಿ 100 ಇನಿಂಗ್ಸ್ ದಾಟಬಾರದು ಅಂತ ಇವತ್ತಿನ ಮಾರ್ಗಸೂಚಿ ಹೇಳುತ್ತೆ. 1976ರಲ್ಲಿ ಭುಜದ ಶಸ್ತ್ರಚಿಕಿತ್ಸೆ. 1979ರಲ್ಲಿ ಕೊನೆಯ ಪಂದ್ಯ. 18 ಗೆಲುವು, 33 ಸೋಲು. ಆಟಗಾರರ ಪಿಂಚಣಿಗೆ 37 ದಿನದ ಸೇವೆ ಕಡಿಮೆ ಬಿತ್ತು.

"ಒತ್ತಡ ತಡಕೊಳ್ಳಲಿಲ್ಲ ಪಾಪ" ಅಂತ ಇದಕ್ಕೆ ಒಂದು ಸಾಲಿನ ವಿವರಣೆ ಕೊಡ್ತಾರೆ. ಒತ್ತಡ ಇತ್ತು, ನಿಜ. ಇನಿಂಗ್ಸ್ ಲೆಕ್ಕವೂ ಅಷ್ಟೇ ನಿಜ. ಅದನ್ನ ಯಾಕೆ ಬಿಡ್ತೀರಿ?

ತೋಳು ಯಾಕೆ ಹಾಳಾಗುತ್ತೆ ಅನ್ನೋದರಲ್ಲಿ ರಹಸ್ಯವೇನೂ ಇಲ್ಲ. ಕೈ ಪೂರ್ತಿ ಹಿಂದಕ್ಕೆ ಬಾಗಿ ಮುಂದಕ್ಕೆ ತಿರುಗೋ ಆ ಕ್ಷಣದಲ್ಲಿ ಮೊಣಕೈಯ ಒಳಬದಿಯ ಮೇಲೆ ಬೀಳೋ ತಿರುಚು ಬಲ ಸುಮಾರು 64 ನ್ಯೂಟನ್ ಮೀಟರ್. ಅಲ್ಲಿರೋ ಅಸ್ಥಿರಜ್ಜು, ಮೃತದೇಹಗಳ ಮೇಲಿನ ಪರೀಕ್ಷೆಗಳ ಪ್ರಕಾರ, ಅದರ ಅರ್ಧದಷ್ಟು ಬಲಕ್ಕೇ ಹರಿಯುತ್ತೆ. ಹಾಗಾದರೆ ಪ್ರತಿ ಎಸೆತಕ್ಕೂ ಯಾಕೆ ಹರಿಯೋದಿಲ್ಲ? ಮುಂಗೈ ಸ್ನಾಯುಗಳು ಬಿಗಿಹಿಡಿದು ಉಳಿದ ಭಾರ ಹೊರುತ್ತವೆ. ಸ್ನಾಯು ದಣಿದ ಮೇಲೆ ಆ ಭಾರ ರಜ್ಜುವಿನ ಮೇಲೇ ಬೀಳುತ್ತೆ. ಅದಕ್ಕೇ ದಣಿವು ಅನ್ನೋದು ಇಲ್ಲಿ ಬರೀ ಸುಸ್ತಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಶಸ್ತ್ರಚಿಕಿತ್ಸೆಯಾದ ಹದಿಹರೆಯದ ಪಿಚರ್‌ಗಳನ್ನೂ ಗಾಯವೇ ಆಗದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ: ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಎಸೆದವರಿಗೆ ಶಸ್ತ್ರಚಿಕಿತ್ಸೆಯ ಸಾಧ್ಯತೆ ಐದು ಪಟ್ಟು, ದಣಿದ ತೋಳಲ್ಲೇ ಪದೇಪದೇ ಎಸೆದವರಿಗೆ 36 ಪಟ್ಟು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹೋಗೋದಿಲ್ಲ. ನಮ್ಮ ಬೌಲರ್ ಎಸೆಯುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗೋ ಹಾಗಿಲ್ಲ, ಹಾಗಾಗಿ ಪೆಟ್ಟು ಸೊಂಟಕ್ಕೆ, ಭುಜಕ್ಕೆ. 1997ರಲ್ಲಿ ನಮ್ಮ ಮೈಸೂರಿನ ಶ್ರೀನಾಥ್ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗಿದ್ದದ್ದು ನೆನಪಿರಬಹುದು. ಪಿಚರ್ ಮೊಣಕೈ ಬಾಗಿಸಿ ಎಸೀತಾನೆ, ಓಟದ ನೆರವೂ ಇಲ್ಲ.

ಇನ್ನು ಜಾನ್ ಪೀಟರ್ಸ್. ಬ್ರೆನ್‌ಹ್ಯಾಮ್ ಹೈಸ್ಕೂಲ್, 1986ರಿಂದ 89ರವರೆಗೆ ಸತತ 53 ಗೆಲುವು, ರಾಷ್ಟ್ರೀಯ ದಾಖಲೆ. 1989ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಮುಖಪುಟ. ಅವನ ಸಾಲಿನಲ್ಲಿ 53 ಅಂತಷ್ಟೇ ಇರುತ್ತೆ. ತೋಳಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ ವೃತ್ತಿಪರ ಬೇಸ್‌ಬಾಲ್ ಮುಟ್ಟಲೇ ಇಲ್ಲ ಅನ್ನೋದು ಇರೋದಿಲ್ಲ. ಕೆರಿ ವುಡ್, ಗ್ರ್ಯಾಂಡ್ ಪ್ರೇರಿ, 1995: ಕಬ್ಸ್ ನಾಲ್ಕನೆಯ ಆಯ್ಕೆಯಾಗಿ ತಗೊಂಡ ಬೆನ್ನಿಗೇ ಸ್ಕೂಲಿನ ಪ್ಲೇಆಫಿನಲ್ಲಿ ಒಂದೇ ದಿನ ಎರಡು ಪಂದ್ಯ, ಒಟ್ಟು 175 ಎಸೆತ. 1998ರ ಮೇ 6ರಂದು ಆಸ್ಟ್ರೋಸ್ ವಿರುದ್ಧ 20 ಸ್ಟ್ರೈಕ್‌ಔಟ್ ಮಾಡಿದ ಅದೇ ವುಡ್ 1999ರ ಸೀಸನ್ ಪೂರ್ತಿ ಮೊಣಕೈ ಶಸ್ತ್ರಚಿಕಿತ್ಸೆಯಲ್ಲಿ ಕಳೆದ. ಆ 175ರಿಂದಲೇ ಹರಿಯಿತು ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಆದರೆ 20ನ್ನ ಬರೆಯೋ ಕೈ 175ನ್ನೂ ಬರೀಬೇಕು.

"ನೋಲನ್ ರಯಾನ್ ಎಸೀಲಿಲ್ವಾ?" ಅಂತ ಕಾಮೆಂಟಲ್ಲಿ ಬಂದೇ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಆಲ್ವಿನ್ ಹೈಸ್ಕೂಲಿನ ರಯಾನ್ 1965ರ ಡ್ರಾಫ್ಟಿನಲ್ಲಿ 12ನೇ ಸುತ್ತಿನವರೆಗೂ ಯಾರಿಗೂ ಬೇಕಾಗಿರಲಿಲ್ಲ. 27 ಸೀಸನ್ ಆಡಿದರು, 5,714 ಸ್ಟ್ರೈಕ್‌ಔಟ್. ಅಂಥ ತೋಳು ಇನ್ನೊಬ್ಬರಿಗೆ ಇರಲಿಲ್ಲ, ಅದಕ್ಕೇ ಆ ದಾಖಲೆ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ. ಉಳಿದವನೊಬ್ಬನನ್ನ ತೋರಿಸಿ ಉಳಿಯದವರ ಲೆಕ್ಕ ಮುಚ್ಚೋದು ವಾದವೇ ಅಲ್ಲ. 1993ರಲ್ಲಿ ಸಿಯಾಟಲ್‌ನಲ್ಲಿ ಅವರ ವೃತ್ತಿ ಕೊನೆಯಾದದ್ದೂ ಅದೇ ಮೊಣಕೈ ರಜ್ಜು ಹರಿದು.

"ಈಗ ನಿಯಮ ಇದೆಯಲ್ಲ" ಅನ್ನೋದು ಇನ್ನೊಂದು. ಇದೆ, 2017ರಿಂದ. ರಾಜ್ಯದ ಸ್ಕೂಲ್ ಕ್ರೀಡೆ ನಡೆಸೋ ಯುಐಎಲ್ ಪ್ರಕಾರ ದಿನಕ್ಕೆ ಗರಿಷ್ಠ 110 ಎಸೆತ. 86 ಮುಟ್ಟಿದರೆ ನಾಲ್ಕು ದಿನ ಬಿಡುವು, 66ರಿಂದ 85ಕ್ಕೆ ಮೂರು, 46ರಿಂದ 65ಕ್ಕೆ ಎರಡು, 31ರಿಂದ 45ಕ್ಕೆ ಒಂದು, 30ರವರೆಗೆ ಏನೂ ಇಲ್ಲ. ಒಳ್ಳೆಯದೇ. ಮೇಜರ್ ಲೀಗಿನ ಪಿಚ್ ಸ್ಮಾರ್ಟ್ ಮಾರ್ಗಸೂಚಿ 17, 18ರವರಿಗೆ 105 ಅನ್ನುತ್ತೆ, 15, 16ರವರಿಗೆ 95 ಮಾತ್ರ. ಆದರೆ ಈ ಎಣಿಕೆಯಲ್ಲಿ ಏನೇನು ಬರೋದಿಲ್ಲ ಗೊತ್ತಾ? ಪಂದ್ಯಕ್ಕೆ ಮೊದಲು ಬುಲ್‌ಪೆನ್ನಿನ (ಪಿಚರ್ ತೋಳು ಬೆಚ್ಚಗೆ ಮಾಡಿಕೊಳ್ಳೋ ಜಾಗ) ಇಪ್ಪತ್ತೈದು ಮೂವತ್ತು ಎಸೆತ. ಪ್ರತಿ ಇನಿಂಗ್ಸಿಗೆ ಮೊದಲಿನ ಐದು. ಪಿಚಿಂಗ್ ಮುಗಿಸಿ ಶಾರ್ಟ್‌ಸ್ಟಾಪಿಗೋ ಕ್ಯಾಚರ್ ಜಾಗಕ್ಕೋ ಹೋಗಿ ಎಸೆದದ್ದು. ಬೇಸಿಗೆಯ ಖಾಸಗಿ ತಂಡಗಳ ಟೂರ್ನಮೆಂಟು, ಸ್ಕೌಟ್‌ಗಳ ಮುಂದೆ ರಾಡಾರ್ ಗನ್ನಿಗೆ ಬಲ ಬಿಟ್ಟು ಎಸೆಯೋ ಪ್ರದರ್ಶನ, ಇವು ಯುಐಎಲ್ ಲೆಕ್ಕಕ್ಕೇ ಬರೋದಿಲ್ಲ. ಶೆಫರ್ಡ್ ಊರಿನ ಟೈಲರ್ ಕೋಲೆಕ್ ಗಂಟೆಗೆ 100 ಮೈಲಿ ದಾಟಿ ಎಸೀತಿದ್ದ, 2014ರಲ್ಲಿ ದೇಶಕ್ಕೇ ಎರಡನೆಯ ಆಯ್ಕೆ. 2016ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಮೇಜರ್ ಲೀಗ್ ಮುಟ್ಟಲಿಲ್ಲ.

ಶಸ್ತ್ರಚಿಕಿತ್ಸೆಯಾದರೆ ಇನ್ನೂ ವೇಗ ಬರುತ್ತೆ ಅಂತ ನಂಬಿರೋ ಅಪ್ಪಂದಿರಿದ್ದಾರೆ, ಇದು ನನ್ನನ್ನ ಕಂಗೆಡಿಸುತ್ತೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಮೊದಲು ಮಾಡಿದ್ದು ಇದು: ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಮೊಣಕೈಯ ಎರಡೂ ಎಲುಬಿಗೆ ತೂತು ಕೊರೆದು, ಅದರಲ್ಲಿ ಪೋಣಿಸಿ ಬಿಗಿಯೋದು. ಪಂದ್ಯಕ್ಕೆ ಮರಳೋಕೆ ಹನ್ನೆರಡರಿಂದ ಹದಿನೆಂಟು ತಿಂಗಳು. ವಾಪಸ್ ಬಂದವರು ಗಟ್ಟಿಯಾಗಿ ಕಂಡರೆ ಅದು ಆ ತಿಂಗಳುಗಳ ವ್ಯಾಯಾಮದಿಂದ.

ಈಗ ಇದನ್ನ ಓದಿ: ಕ್ಲೇಟನ್ ಕರ್ಶಾ, ಡಲ್ಲಾಸಿನ ಹೈಲ್ಯಾಂಡ್ ಪಾರ್ಕ್, 2006. 13 ಗೆಲುವು, ಸೋಲಿಲ್ಲ, 139 ಸ್ಟ್ರೈಕ್‌ಔಟ್. ಒಂದು ಪಂದ್ಯದಲ್ಲಿ ಎದುರಾದ ಹದಿನೈದೂ ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ ಮಾಡಿದ. ಇನಿಂಗ್ಸ್ ಎಷ್ಟು? 64. ಪಕ್ಕೆ ಸ್ನಾಯು ನೋವಿಗೆ ಸೀಸನ್ ನಡುವೆ ಕೂರಬೇಕಾಯಿತು. ಔಟಿಗೆ ಸ್ಟ್ರೈಕ್‌ಔಟ್ ಲೆಕ್ಕ ಹಾಕಿದರೆ ಕ್ಲೈಡ್ 74%, ಕರ್ಶಾ 72%, ಹೆಚ್ಚುಕಮ್ಮಿ ಒಂದೇ. ಎಸೆದದ್ದು ಅರ್ಧಕ್ಕಿಂತ ಕಡಿಮೆ. 2025ರಲ್ಲಿ 3,000 ಸ್ಟ್ರೈಕ್‌ಔಟ್ ದಾಟಿ ನಿವೃತ್ತನಾದ. ಬೆನ್ನು ಕಾಡಿತು, ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಮೊಣಕೈ ರಜ್ಜುವಿಗೆ ಮಾತ್ರ ಆಗಲಿಲ್ಲ. ಒಬ್ಬನಿಂದ ಸಿದ್ಧಾಂತ ಕಟ್ಟೋಕೆ ನಾನೂ ಹೋಗಲ್ಲ, ಈಗಷ್ಟೇ ರಯಾನ್ ವಿಷಯದಲ್ಲಿ ಅದನ್ನೇ ಬೈದಿದ್ದೇನೆ. ಆದರೆ ಈ ಎರಡು ಸಾಲು ಪಕ್ಕಪಕ್ಕ ಇಟ್ಟಾಗ 328 ದೊಡ್ಡದು, 139 ಚಿಕ್ಕದು ಅಂತ ಕ್ರಮ ಹಾಕೋದು ತಪ್ಪು.

ಇಲ್ಲಿ ಮಕ್ಕಳನ್ನ ಆಡಿಸ್ತಿರೋ ನಮ್ಮವರು ಬಹಳ ಜನ ಇದ್ದೀರಿ. ಕೋಚ್ ಎಣಿಸ್ತಾರೆ ಅಂತ ಬಿಡಬೇಡಿ. ಒಂದು ನೋಟ್‌ಬುಕ್ ಇಡಿ: ದಿನಾಂಕ, ಯಾವ ತಂಡ, ಪಂದ್ಯದ ಎಸೆತ, ಬುಲ್‌ಪೆನ್ ಎಸೆತ, ಆಮೇಲೆ ಯಾವ ಜಾಗದಲ್ಲಿ ಆಡಿದ. ಸ್ಕೂಲ್ ತಂಡ, ಖಾಸಗಿ ತಂಡ ಎರಡೂ ಒಂದೇ ಪುಟದಲ್ಲಿ. ಒಂದೇ ಇನಿಂಗ್ಸಲ್ಲಿ 30 ದಾಟಿದರೆ ಗುರುತು ಹಾಕಿ. ಚೆಂಡು ಮೇಲೆ ಮೇಲೆ ಹೋಗೋದು, ಎಸೆಯುವಾಗ ಮೊಣಕೈ ಭುಜಕ್ಕಿಂತ ಕೆಳಗಿಳಿಯೋದು, ಎರಡು ಎಸೆತಗಳ ನಡುವೆ ಹೊತ್ತು ಜಾಸ್ತಿಯಾಗೋದು, ಇವು ಕಂಡರೆ ಲೆಕ್ಕ 60ರಲ್ಲೇ ಇದ್ದರೂ ಸಾಕು ಅನ್ನಿ. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್ ಬೇಡ, ಅದರಲ್ಲಿ ಎರಡು ಮೂರು ತಿಂಗಳಾದರೂ ಒಟ್ಟಿಗೆ ಸಿಗಲಿ. ಕೋಚ್ ಕೇಳಿದರೆ ನೋಟ್‌ಬುಕ್ ತೋರಿಸಿ.