ಭೋಗ್ಯಕ್ಕೆ ಮನೆ ಹಿಡಿಯುವ ಮೊದಲು ಈ ಲೆಕ್ಕ ನೋಡಿ

ಬಡ್ಡಿ ವ್ಯವಹಾರ ಅಂದ ತಕ್ಷಣ ನಮಗೆ ನೆನಪಾಗುವುದು ಮೀಟರ್ ಬಡ್ಡಿಯವರು, ಪ್ರೋನೋಟು, ಖಾಲಿ ಚೆಕ್ಕು. ಆದರೆ ಬೆಂಗಳೂರಿನ ರಿಯಲ್ ಎಸ್ಟೇಟಿಗೆ ಖಾಸಗಿಯಾಗಿ ದುಡ್ಡು ಕೊಡುವವರಲ್ಲಿ ಇನ್ನೊಂದು ಗುಂಪಿದೆ. ಗಾರ್ಮೆಂಟ್ಸಿಗೆ ಹೋಗುವ ಗಂಡ ಹೆಂಡತಿ, ರಿಟೈರ್ ಆಗಿ ಪಿಎಫ್ ದುಡ್ಡು ಕೈಗೆ ಬಂದ ಡ್ರೈವರ್, ಊರಲ್ಲಿ ಅರ್ಧ ಎಕರೆ ಮಾರಿ ಮಕ್ಕಳ ಓದಿಗೆ ಅಂತ ಇಲ್ಲಿಗೆ ಬಂದವರು. ಇವರೆಲ್ಲ ಭೋಗ್ಯಕ್ಕೆ ಮನೆ ಹಿಡಿದವರು, ಅಂದರೆ ದೊಡ್ಡ ಮೊತ್ತವನ್ನು ಒಟ್ಟಿಗೆ ಓನರಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಖಾಲಿ ಮಾಡುವಾಗ ಅದನ್ನು ವಾಪಸ್ ಪಡೆಯುವವರು. ಓನರಿಗೆ ತಾವು ಸಾಲ ಕೊಟ್ಟಿದ್ದೇವೆ ಅನ್ನುವುದು ಇವರಲ್ಲಿ ತುಂಬಾ ಜನರ ತಲೆಗೇ ಬಂದಿರುವುದಿಲ್ಲ. "ಬಾಡಿಗೆ ಉಳಿಯಿತು" ಅಂತ ಖುಷಿಯಾಗಿರುತ್ತಾರೆ.

ಉಳಿಯುವುದು ಎಷ್ಟು ಅಂತ ಒಮ್ಮೆ ನೋಡೋಣ. ಒಂದು ಬೆಡ್‌ರೂಮಿನ ಮನೆಗೆ 12 ಲಕ್ಷ ಭೋಗ್ಯ ಅಂತಿಟ್ಟುಕೊಳ್ಳಿ. ಅದೇ ಮನೆಯ ಬಾಡಿಗೆ ತಿಂಗಳಿಗೆ 11,000. ವರ್ಷಕ್ಕೆ 1,32,000 ಉಳಿಯಿತು. ಆದರೆ ಆ 12 ಲಕ್ಷವನ್ನು 7 ಪರ್ಸೆಂಟಿನ ಎಫ್‌ಡಿಯಲ್ಲಿ ಇಟ್ಟಿದ್ದರೆ 84,000 ಬಡ್ಡಿ ಬರುತ್ತಿತ್ತು. ಅಲ್ಲಿಗೆ ನಿಜವಾದ ಲಾಭ 48,000. ತಿಂಗಳಿಗೆ 4,000 ರೂಪಾಯಿಗಾಗಿ ಜೀವಮಾನದ ಉಳಿತಾಯವನ್ನು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟ ಹಾಗಾಯಿತು. ಈಗ ಓನರ್ ಕಡೆಯಿಂದ ನೋಡಿ. ಅವರು ಅದೇ ದುಡ್ಡನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ವರ್ಷಕ್ಕೆ 2,88,000 ಕಟ್ಟಬೇಕಿತ್ತು. ಇಲ್ಲಿ ಬಿಟ್ಟುಕೊಟ್ಟಿದ್ದು 1,32,000 ಬಾಡಿಗೆ ಮಾತ್ರ, ಅದೂ ಮನೆ ಖಾಲಿ ಬೀಳುವ ಚಿಂತೆಯಿಲ್ಲದೆ. ಬಡ್ಡಿಗೆ ಕೊಡುವವನಾದರೂ ಸೈಟಿನ ಪತ್ರ ಇಸ್ಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾನೆ. ಭೋಗ್ಯದವರು ಪತ್ರದ ಜೆರಾಕ್ಸ್ ಕೇಳಲೂ ಸಂಕೋಚ ಪಡುತ್ತಾರೆ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ? 30x40 ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಎಂಟು ಮನೆ ಮಾಡಿ, ಎಲ್ಲವನ್ನೂ ಹತ್ತತ್ತು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರೆ 80 ಲಕ್ಷ ಕೈಗೆ ಬಂತು. ಅದರಲ್ಲಿ ಇನ್ನೊಂದು ಸೈಟು. ಅಲ್ಲಿ ಇನ್ನೊಂದು ಕಟ್ಟಡ. ಸೈಟಿನ ಬೆಲೆ ಏರುತ್ತಿರುವಾಗ ಇದು ಸಲೀಸಾಗಿ ನಡೆಯುತ್ತದೆ. ಒಬ್ಬರು ಖಾಲಿ ಮಾಡಿದರೆ ಮುಂದಿನವರ ದುಡ್ಡಿನಿಂದ ಅವರಿಗೆ ವಾಪಸ್. ಭೋಗ್ಯದಲ್ಲಿದ್ದವರೆಲ್ಲ ಕೇಳಿರುವ ಮಾತೇ ಇದು: "ಮುಂದಿನವರು ಬರಲಿ, ಅಡ್ವಾನ್ಸ್ ಬಂದ ತಕ್ಷಣ ಕೊಡ್ತೀನಿ." ಅಂದರೆ ಓನರ್ ಹತ್ತಿರ ದುಡ್ಡಿಲ್ಲ. ಯಾವತ್ತೂ ಇರಲಿಲ್ಲ.

ಮಾರುಕಟ್ಟೆ ಕೆಟ್ಟಾಗ ಈ ಸರಪಳಿ ಎಲ್ಲಿ ಬೇಕಾದರೂ ತುಂಡಾಗಬಹುದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಏರಿಯಾಗಳಿಗೆ ಹೊಸಬರು ಬರಲು ಹಿಂದೆ ಮುಂದೆ ನೋಡಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಇಲ್ಲ ಅಂತಾಯಿತು. ಸೈಟು ಮಾರಿ ಸಾಲ ತೀರಿಸೋಣ ಅಂದುಕೊಂಡವರು ಖಾತಾ ಸರಿಮಾಡಿಸಲು ಅಲೆದರು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಓಸಿ (ಕಟ್ಟಡ ಪ್ಲಾನಿನಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂದಿತು. 2025ರಲ್ಲಿ ಬೆಸ್ಕಾಂ ಅದನ್ನು ಜಾರಿಗೆ ತಂದಾಗ ಬಣ್ಣ ಹೊಡೆದು ಮುಗಿಸಿದ ಎಷ್ಟೋ ಕಟ್ಟಡಗಳು ಮೀಟರ್ ಇಲ್ಲದೆ ನಿಂತವು. ಆಮೇಲೆ ಸಣ್ಣ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು, ನಿಜ. ಅದಕ್ಕೂ ಅಂತಸ್ತಿನ ಲೆಕ್ಕ ಇದೆ. ಪ್ಲಾನ್ ಮೀರಿ ಎಬ್ಬಿಸಿದವರ ಕಷ್ಟ ಹಾಗೇ ಉಳಿಯಿತು. ಎರಡನೇ ಕಟ್ಟಡ ತುಂಬದೆ ಮೊದಲ ಕಟ್ಟಡದವರಿಗೆ ದುಡ್ಡು ಕೊಡುವುದು ಎಲ್ಲಿಂದ?

ನಮ್ಮ ಸಂಬಂಧಿಕರೊಬ್ಬರು ತಮ್ಮ ಭೋಗ್ಯದ ಅಗ್ರಿಮೆಂಟ್ ತೋರಿಸಿದ್ದರು. ಇ-ಸ್ಟ್ಯಾಂಪ್ ಕಾಗದದ ಮೇಲೆ ಮೂರು ಪುಟ. ಹನ್ನೊಂದು ತಿಂಗಳ ಅವಧಿ, ನೋಟರಿ ಸೀಲು, ಕೆಳಗೆ ಬ್ರೋಕರ್ರೇ ಸಾಕ್ಷಿ. (ಕಮಿಷನ್ ಎರಡೂ ಕಡೆಯಿಂದ ತಗೊಂಡಿದ್ದ, ಅದು ಬೇರೆ ವಿಷಯ.) ನಡುವೆ ದಪ್ಪ ಅಕ್ಷರದಲ್ಲಿ: "ಹಣಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ." ಕೊಟ್ಟಿದ್ದರಲ್ಲಿ ಅರ್ಧ ನಗದು, ಅದರ ಉಲ್ಲೇಖವೇ ಇಲ್ಲ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೋ ಇಲ್ಲವೋ ಅನ್ನುವ ಬಗ್ಗೆ ಒಂದು ಸಾಲೂ ಇಲ್ಲ.

ಬ್ಯಾಂಕ್ ಸಾಲ ಇದೆ ಅಂತ ತುಂಬಾ ಜನರಿಗೆ ಗೊತ್ತಾಗುವುದು ಗೇಟಿಗೆ ನೋಟಿಸು ಅಂಟಿಸಿದಾಗ. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಸಾಲಗಾರನಿಗೆ 60 ದಿನದ ನೋಟಿಸು ಕೊಡುತ್ತದೆ. ಕಟ್ಟದಿದ್ದರೆ ಮನೆ ವಶಕ್ಕೆ ತಗೊಂಡು ಹರಾಜಿಗೆ ಇಡಬಹುದು. 60 ದಿನ ಓನರಿಗೆ, ನಮಗಲ್ಲ. ನೋಂದಣಿ ಆಗದ ಅಗ್ರಿಮೆಂಟ್ ಹಿಡಿದುಕೊಂಡವರು ಒಂದು ವರ್ಷಕ್ಕಿಂತ ಹೆಚ್ಚಿನ ರಕ್ಷಣೆ ಕೇಳುವಂತಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹರಾಜಿನ ದುಡ್ಡಲ್ಲಿ ಮೊದಲ ಪಾಲು ಬ್ಯಾಂಕಿಗೆ. ಭೋಗ್ಯದವರು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈಗಿನ ಪರಿಸ್ಥಿತಿಯಲ್ಲಿ ಬಾಡಿಗೆಗೇ ಇರಿ. ಇಲ್ಲ, ಭೋಗ್ಯವೇ ಬೇಕು ಅನ್ನುವವರು ಸಾಲ ಕೊಡುವವರ ಹಾಗೆ ನಡೆದುಕೊಳ್ಳಿ. ಓನರ್ ಕೊಟ್ಟ ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ಬೇಡ, ನೀವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ತೆಗೆಸಿ. ಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಸರ್ಸಾಯ್ ಅನ್ನುವ ಕೇಂದ್ರದ ದಾಖಲೆ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಒರಿಜಿನಲ್ ಪತ್ರ ಕಣ್ಣಾರೆ ನೋಡಿ. "ಅಣ್ಣನ ಮನೇಲಿದೆ, ಲಾಕರಲ್ಲಿದೆ" ಅಂದರೆ ಎದ್ದು ಬನ್ನಿ. ಒಂದು ರೂಪಾಯಿಯನ್ನೂ ನಗದಾಗಿ ಕೊಡಬೇಡಿ. 20,000 ಅಥವಾ ಜಾಸ್ತಿ ಸಾಲವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಯಲ್ಲಿ ತಪ್ಪು. ದಂಡ ಬೀಳುವುದು ತಗೊಂಡವರಿಗೆ, ಅಷ್ಟೇ ಮೊತ್ತದ್ದು. ಕೋರ್ಟಿನಲ್ಲಿ ನಗದು ಕೊಟ್ಟೆ ಅಂತ ಸಾಬೀತು ಮಾಡುವ ಕಷ್ಟ ಮಾತ್ರ ನಮ್ಮದೇ.

ಈಗಾಗಲೇ ಸಿಕ್ಕಿಕೊಂಡವರು ದುಡ್ಡು ಅಕೌಂಟಿಗೆ ಬರುವವರೆಗೂ ಬೀಗದ ಕೈ ಕೊಡಬೇಡಿ. "ಪೇಂಟ್ ಹೊಡೆಸಬೇಕು, ಮೊದಲು ಖಾಲಿ ಮಾಡಿ" ಅನ್ನುತ್ತಾರೆ, ಒಪ್ಪಬೇಡಿ. ಚೆಕ್ ಕೊಟ್ಟರೆ ಮೂರು ತಿಂಗಳೊಳಗೆ ಹಾಕಿ. ಬೌನ್ಸ್ ಆದರೆ 30 ದಿನದೊಳಗೆ ಲಾಯರ್ ನೋಟಿಸು ಹೋಗಬೇಕು. ದುಡ್ಡು ವಸೂಲಿಯ ದಾವೆಗೆ ಸಾಮಾನ್ಯವಾಗಿ ಇರುವುದು 3 ವರ್ಷ. ಇವತ್ತು ನಾಳೆ ಅಂತ ಓನರ್ ಸುಮ್ನೆ ಮಾತಲ್ಲೇ ದಿನ ತಳ್ಳಿದರೆ ಅದು ಹೇಗೋ ಕಳೆದುಹೋಗುತ್ತದೆ.

ಎಲ್ಲ ಓನರುಗಳೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬಿ ಖಾತಾ (ನಿಯಮದಂತೆ ಪೂರ್ತಿ ಸರಿಯಿಲ್ಲದ ಆಸ್ತಿಗಳ ದಾಖಲೆ) ಅಂತ ಬ್ಯಾಂಕಿನವರು ಸಾಲ ಕೊಡದಿದ್ದಾಗ ಭೋಗ್ಯದ ದುಡ್ಡಿನಲ್ಲೇ ಮನೆ ಮುಗಿಸಿ, ಮಾತಿನಂತೆ ವಾಪಸ್ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಸರ್ಕಾರದ ಜೊತೆ. ಮನೆಯ ಸ್ವಾಧೀನ ಪಡೆದು, ಬಡ್ಡಿಯ ಬದಲು ಅದನ್ನು ಅನುಭವಿಸುವ ಅಡಮಾನಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಜಾಗ ಇದೆ. ನೋಂದಣಿ ಮಾಡಿಸಿದರೆ ಇಸಿಯಲ್ಲಿ ಬರುತ್ತದೆ. ಆದರೆ ಅದರ ಮುದ್ರಾಂಕ ಶುಲ್ಕ ಸ್ವಾಧೀನ ಕೊಡದ ಅಡಮಾನಕ್ಕಿಂತ ಎಷ್ಟೋ ಜಾಸ್ತಿ. 12 ಲಕ್ಷ ಹೊಂದಿಸಲು ಒಡವೆ ಇಟ್ಟವರು ಆ ಶುಲ್ಕಕ್ಕೆ ಇನ್ನೆಲ್ಲಿಂದ ತರುತ್ತಾರೆ? ಓನರ್ ಅಂತೂ ಕೊಡುವುದಿಲ್ಲ. ಸ್ವಂತ ವಾಸಕ್ಕೆ ಹಿಡಿಯುವ ಮನೆಗಾದರೂ ಈ ಶುಲ್ಕವನ್ನು ಒಂದೆರಡು ಸಾವಿರಕ್ಕೆ ಇಳಿಸಿದರೆ, ನಾಳೆ ಅದೇ ಮನೆಯ ಮೇಲೆ ಸಾಲ ಕೊಡಲು ಬರುವ ಬ್ಯಾಂಕಿನವರ ಕಣ್ಣಿಗೂ ಭೋಗ್ಯದವರ ಹೆಸರು ಬೀಳುತ್ತದೆ.